ಅಕ್ಕ ಬಳಿದ ಪತಂಗಗಳು

ನಮ್ಮಕ್ಕ ಮ್ಯೂಸಿಯಮ್ಮಿನಲ್ಲಿ ಬಣ್ಣದ ಕೆಲಸದವಳು, ನಾನು ಅಲ್ಲೇ ಬಡಗಿ. ಇಪ್ಪತ್ತಾರು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದೆವು. ನಾನು ಮಾಡಿದ ಒಂದು ಪೆಟ್ಟಿಗೆಯನ್ನೂ ಅವಳು ಸುಮ್ಮನೆ ಒಪ್ಪಿದವಳಲ್ಲ. ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, "ಕಣ್ಣು ಮನೇಲಿಟ್ಟು ಬಂದ್ಯೇನೋ?" ಅನ್ನುವಳು. ನನಗೆ ಮೈ ಉರಿಯುತ್ತಿತ್ತು.

ಜೀವವಿಕಾಸದ ಕೋಣೆಗೆ ಒಂದು ಆಟ ಬೇಕು ಎಂದರು ಮೇಲಿನವರು. ಅದು ಹೊಳೆದದ್ದು ಅಕ್ಕನಿಗೇ. ಹಲಗೆಯ ತುಂಬ ತೊಗಟೆ, ಅದರ ಮೇಲೆ ರಟ್ಟಿನ ಪತಂಗಗಳು; ಅರ್ಧ ಬಿಳಿ, ಅರ್ಧ ತೊಗಟೆಯದೇ ಬಣ್ಣ. ನೋಡಲು ಬಂದವರೇ ಹಕ್ಕಿಗಳು. ಅರ್ಧ ನಿಮಿಷದಲ್ಲಿ ಸಿಕ್ಕಷ್ಟು ಹೆಕ್ಕಬೇಕು. ಉಳಿದ ಒಂದೊಂದಕ್ಕೂ ಅದೇ ಬಣ್ಣದ ಮರಿಯೊಂದನ್ನು ಸೇರಿಸಿ ಮತ್ತೆ ಆಡಬೇಕು. ಮೂರು ಸುತ್ತಿಗೆ ಹಲಗೆಯಲ್ಲಿ ಹೆಚ್ಚುಕಡಿಮೆ ತೊಗಟೆ ಬಣ್ಣದವೇ. "ಉಪದೇಶ ಯಾರಿಗೆ ಬೇಕು? ಅವರ ಕೈಯೇ ಅವರಿಗೆ ಪಾಠ ಹೇಳ್ಲಿ" ಎಂದು ಎಲ್ಲ ಪತಂಗಗಳನ್ನೂ ತಾನೇ ಬಳಿದಳು. ಹಲಗೆಯ ಹಿಂದಿನ ಗೋಡೆಗೆ ಒಂದು ಕಾಡಿನ ಚಿತ್ರವನ್ನೂ ಶುರುಮಾಡಿದಳು.

ಆರು ತಿಂಗಳಾದ ಮೇಲೆ ಹಲಗೆ ಸಿದ್ಧವಾಯಿತು. ಮೊದಲು ನಾನು ಆಡಿದೆ. ಹೆಕ್ಕಿದ್ದು ಹನ್ನೊಂದು, ಅದರಲ್ಲಿ ಒಂಬತ್ತು ಬಿಳಿ. ಬೇಡ ಬೇಡ ಎಂದ ಅಕ್ಕನನ್ನೂ ಹಟ ಹಿಡಿದು ಆಡಿಸಿದೆ. ಅವಳದು ಹನ್ನೆರಡು: ಆರು ಬಿಳಿ, ಆರು ತೊಗಟೆಯವು. ಆಟವೇ ಕೆಟ್ಟಿತೇನೋ ಎಂದು ಇನ್ನೊಮ್ಮೆ ಆಡಿಸಿದಾಗ ಅವಳ ಬೆರಳುಗಳನ್ನು ನೋಡಿದೆ. ಅವು ಹಲಗೆಯನ್ನು ತಡವುತ್ತಿದ್ದವು. "ಕಣ್ಣು ಮನೇಲಿಟ್ಟು..." ಎಂದು ಹಳೇ ಬೈಗುಳ ತಿರುಗಿಸಿ ಕೊಡಲು ಹೊರಟವನು ಅರ್ಧಕ್ಕೇ ಬಿಟ್ಟು ಅವಳ ಕಣ್ಣು ನೋಡಿದೆ.

"ಗೊತ್ತಾಯ್ತಲ್ಲ" ಎಂದಳು. "ಕಣ್ಣು ಇನ್ನು ಸರಿಹೋಗಲ್ಲ ಅಂದಿದಾರೆ ಡಾಕ್ಟ್ರು. ಗೋಡೆ ಮೇಲಿನ ಕಾಡು ಮುಗಿಯೋ ತನಕ ಯಾರಿಗೂ ಹೇಳ್ಬೇಡ ಕಣೋ. ಅದೊಂದನ್ನ ನಾನೇ ಮುಗಿಸ್ಬೇಕು."

ಹೇಳಲಿಲ್ಲ. ಡಬ್ಬಿಗಳ ಹೆಸರು ಓದಿ ಕೊಟ್ಟೆ, ಕುಂಚ ಹಿಡಿದ ಕೈಯನ್ನು ಗೋಡೆಗೆ ತಂದು ಇಟ್ಟೆ. ಆದರೂ ಕೊನೆಯ ವಾರ ಮೂಲೆಯ ಎಲೆಗಳು ಕೊಂಬೆ ಬಿಟ್ಟು ಆಕಾಶಕ್ಕೆ ಹತ್ತಿದವು. ಅವಳು ಊಟಕ್ಕೆ ಹೋದಾಗ ಅವನ್ನು ಒರೆಸಿ ನಾನೇ ಬಳಿದೆ. ಬಡಗಿಯ ಕೈ ನೋಡಿ, ಎಲೆಗಳೆಲ್ಲ ಹೆರೆದ ಸಿಪ್ಪೆಯಂತೆ ಬಂದವು.

ಬಾಗಿಲು ತೆರೆದ ದಿನ ಮಕ್ಕಳು ಕಿರುಚಾಡಿ ಬಿಳಿಯವನ್ನೇ ಹೆಕ್ಕಿದರು.

"ಉಳಿದವೆಲ್ಲ ತೊಗಟೆಯವೇನಾ?" ಎಂದಳು ಅಕ್ಕ.

"ಹೂಂ, ಎಲ್ಲ."

ಹಿಗ್ಗಿದಳು. ಆಮೇಲೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನನ್ನ ಎಲೆಗಳ ಮುಂದೆಯೇ ನಿಂತಳು. "ಈ ಮೂಲೆ ಚೆನ್ನಾಗಿ ಬಂದಿದೆ ಅಲ್ವೇನೋ?"

"ನೀನು ಬಳಿದದ್ದು, ಬರದೇ ಏನು?" ಎಂದೆ.

ಅವಳು ನಕ್ಕಳು. ಒಂದೇ ಒಂದು ಸಲ ಮೊದಲಿನಂತೆ ನನ್ನನ್ನು ಬೈಯಬಾರದಿತ್ತೇ ಅನ್ನಿಸಿ, ಮಕ್ಕಳ ಎದುರಿಗೇ ಅತ್ತುಬಿಟ್ಟೆ.