ತಂಗಡಿ ಕಷಾಯ, ಮೇಲೊಂದು ಚೂರು ಬೆಲ್ಲ

ತಾಳ್ಮೆ ಎನ್ನುವುದು ನನಗೆ ಹುಟ್ಟಿನಿಂದಲೇ ಇಲ್ಲ. ಕಷಾಯಕ್ಕೆ ಹೂವಿಗಿಂತ ಮೊದಲು ಬೇಕಾದದ್ದು ಅದೇ. ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ, ಬೆಟ್ಟದ ತಂಗಡಿ ಹೂವಿನ ಕಷಾಯ ಕುಡಿಸಬೇಕು ಎಂದವಳು ಅಜ್ಜಿ, ಅಪ್ಪನ ತಾಯಿ. ಶ್ರೀನಿವಾಸಪುರದ ಹತ್ತಿರದ ನಮ್ಮ ಹಳ್ಳಿಯ ಹಿಂದೆಯೇ ಬೆಟ್ಟ. ಹೂವು ತರುವ ಕೆಲಸ ನನ್ನ ತಲೆಗೆ ಬಿತ್ತು.

ಕೋಲಾರದ ಕಾಲೇಜಿಗೆ ಬಸ್ಸು ಹಿಡಿಯುವುದಕ್ಕೆ ಮುಂಚೆ ಬೆಟ್ಟ ಹತ್ತಿ ಇಳಿಯಬೇಕಿತ್ತು. ಬಿಸಿಲೇರುವ ಮೊದಲು ಅರ್ಧ ಬಿರಿದ ಹಳದಿ ಮೊಗ್ಗುಗಳನ್ನಷ್ಟೇ ಕೀಳಬೇಕು. ತೊಟ್ಟು ಬಿಡಿಸಿ, ಹಳೇ ಪಂಚೆಯ ಮೇಲೆ ಹರವಿ, ಮೂರು ದಿನ ನೆರಳಲ್ಲಿ ಒಣಗಿಸಬೇಕು. ಬೇಗ ಆಗಲಿ ಎಂದು ನಾನೊಮ್ಮೆ ಬಿಸಿಲಿಗೆ ಹಾಕಿ ಎಲ್ಲ ಕಪ್ಪು ಮಾಡಿದೆ.

"ಏನೇ ನಿನ್ ಅವಸರ! ಹೂವೇನು ನಿನ್ ಬಸ್ಸಾ, ಬಿಟ್ ಹೋಗಕ್ಕೆ?" ಎಂದು ಅಜ್ಜಿ ಬೈದಳು.

ಒಂದು ಹಿಡಿ ಒಣ ಹೂವಿಗೆ ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಅದು ಒಂದು ಲೋಟಕ್ಕೆ ಇಳಿಯಬೇಕು. ನಾನು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕುತ್ತಿದ್ದೆ. ಬಟ್ಟೆಯಲ್ಲಿ ಸೋಸಿ ಗೂಡಿನಲ್ಲಿಟ್ಟು ಓಡುತ್ತಿದ್ದೆ. ಸಂಜೆ ನಾಲ್ಕಕ್ಕೆ ಅದನ್ನು ಬಿಸಿ ಮಾಡಿ ಕುಡಿಸುವುದು ಅಜ್ಜಿಯ ಪಾಲು. ಅಮ್ಮ ಆಗ ಹೊಲದಲ್ಲಿರುತ್ತಿದ್ದಳು.

ನನ್ನ ಚಡಪಡಿಕೆಗೆ ಕಾರಣ ಅಪ್ಪನ ಕಾಲ್ಬೆರಳು. ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ಮಾತ್ರೆ ಕೊಟ್ಟ ಕೋಲಾರದ ಡಾಕ್ಟರು, ಸಿಹಿ ಮುಟ್ಟಬೇಡಿ, ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದರು. ಒಂದು ತಿಂಗಳು ಗಡುವು.

ಪ್ರತಿ ಭಾನುವಾರ ನಾನೇ ಪರೀಕ್ಷೆ ಮಾಡುತ್ತಿದ್ದೆ. ಗಾಜಿನ ನಳಿಗೆಯಲ್ಲಿ ನೀಲಿ ಔಷಧ, ಅದಕ್ಕೆ ಅಪ್ಪನ ಮೂತ್ರ ಎಂಟು ತೊಟ್ಟು, ಆಮೇಲೆ ದೀಪದ ಮೇಲೆ ಕಾಯಿಸುವುದು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ನಾವು ಗೆದ್ದಂತೆ. ಉಳಿಯುತ್ತಿರಲಿಲ್ಲ. ಹಸಿರಾಗಿ, ಹಳದಿಯಾಗಿ, ಕೊನೆಗೆ ಮಾಲೂರಿನ ಇಟ್ಟಿಗೆಯಷ್ಟು ಕೆಂಪಾಗಿ ನಿಲ್ಲುತ್ತಿತ್ತು. ಮೂರು ಭಾನುವಾರವೂ ಅದೇ ಕೆಂಪು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಟೀ ಕುಡೀತೀಯ ಅಲ್ವಾ? ನಿಜ ಹೇಳು," ಎಂದು ಅಪ್ಪನ ಮೇಲೆ ಹಾರಾಡಿದೆ.

"ಇಲ್ಲ ಕಣೇ," ಎಂದ ಅಪ್ಪ. ನಾನು ನಂಬಲಿಲ್ಲ, ನಾಲ್ಕು ದಿನ ಮಾತು ಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗಡುವಿಗೆ ಎರಡು ದಿನ ಉಳಿದಿದ್ದಾಗ ಕಾಲೇಜು ಬೇಗ ಬಿಟ್ಟಿತು. ಮನೆಗೆ ಬಂದರೆ ಅಪ್ಪ ಹಿತ್ತಲ ಜಗಲಿಯ ಮೇಲೆ ಕೂತು ಲೋಟ ಕೆಳಗಿಡುತ್ತಿದ್ದ. ಅಜ್ಜಿ ಸೆರಗಿನ ಗಂಟು ಬಿಚ್ಚಿ, ನಿಂಬೆಹಣ್ಣಿನಷ್ಟು ದಪ್ಪದ ಬೆಲ್ಲದ ಚೂರನ್ನು ಅವನ ಅಂಗೈಗೆ ಇಟ್ಟಳು.

"ಅಜ್ಜಿ! ಏನ್ ಮಾಡ್ತಿದ್ದೀಯ?"

"ಕಹಿ ಕುಡಿಸಿದ ಕೈಲಿ ಸಿಹಿ ಕೊಡದೆ ಎದ್ದು ಹೋಗ್ಲಾ? ಡಾಕ್ಟ್ರು ಬೇಡ ಅಂದಿದ್ದು ಸಕ್ಕರೆ. ಇದು ಬೆಲ್ಲ ಕಣೇ, ನಮ್ಮನೇದು."

ಬಾಯಿಗೆ ಬಂದದ್ದೆಲ್ಲ ಅನ್ನಲು ಹೊರಟಿದ್ದೆ. ಅಪ್ಪ ಅವಳಿಗೆ ಕಾಣದಂತೆ ಕೈ ಅಲ್ಲಾಡಿಸಿ ತಡೆದ. ಅವಳು ಒಳಗೆ ಹೋದ ಮೇಲೆ ಹೇಳಿದ:

"ನಂಗೂ ಗೊತ್ತು ಕಣೇ, ಎರಡೂ ಒಂದೇ ಅಂತ. ತಿಂಗಳಿಂದ ದಿನಾ ಕೊಟ್ಟಿದ್ದಾಳೆ. ಈಗ ಹೇಳಿದ್ರೆ, ಮಗನ ಕಾಲು ತಿಂದಿದ್ದು ನಾನೇ ಅಂತ ಆ ಜೀವ ಕೊರಗಿ ಸಾಯುತ್ತೆ."

ಎಂಥ ಪೆದ್ದ ಮನುಷ್ಯ ಎಂದು ಕೋಪ ಬಂತು. ಅಳುವೂ ಬಂತು.

ಬೆರಳು ಹೋಯಿತು. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಮನೆಗೆ ಬಂದ ಸಂಜೆ ಅಜ್ಜಿ ಮತ್ತೆ ಕಷಾಯ ತಂದಳು. ಅಪ್ಪ ಕುಡಿದ. ಅವಳು ಸೆರಗಿನ ಗಂಟಿಗೆ ಕೈ ಹಾಕಿದಳು. ಅಪ್ಪ ನನ್ನ ಮುಖ ನೋಡಿದ. ನಾನು ಹೋಗಿ ಅಜ್ಜಿಯ ಮುಂದೆ ಕೈ ಚಾಚಿದೆ.

"ಹೂವು ಕಿತ್ತು ತರೋಳು ನಾನು, ಬೆಲ್ಲ ಮಾತ್ರ ಮಗನಿಗಾ? ಇನ್ಮೇಲಿಂದ ನಂಗೆ ಕೊಡು."

"ನೋಡೋ ಇವಳ ಹೊಟ್ಟೆಕಿಚ್ಚು!" ಎಂದು ಅಜ್ಜಿ ನಕ್ಕಳು. ನಾಳೆಯಿಂದ ಇಬ್ಬರಿಗೂ ತರುತ್ತೇನೆ ಎಂದಳು. ನಾನು ಹಟ ಹಿಡಿದು ಬೇಡವೆಂದೆ. ಪೂರ್ತಿ ನನಗೇ ಬೇಕೆಂದೆ.

ಅವಳು ಇರುವವರೆಗೂ, ಆರು ವರ್ಷ, ದಿನಾ ಸಂಜೆ ಆ ಬೆಲ್ಲ ತಿಂದೆ. ಭಾನುವಾರದ ನಳಿಗೆ ಹಸಿರಿಗೆ ಬಂತು, ಒಮ್ಮೊಮ್ಮೆ ನೀಲಿಯಾಗೇ ಉಳಿಯಿತು. ಮೊಮ್ಮಗಳಿಗೆ ಬೆಲ್ಲದ ಆಸೆ ಬಹಳ ಎಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಳು. ನನಗೆ ಸಿಹಿ ಸೇರುವುದೇ ಇಲ್ಲ.