ಬಲೀಂದ್ರನನ್ನು ಕರೆಯುವ ದನಿ

ದೀಪಾವಳಿಯ ಪಾಡ್ಯಕ್ಕೆ, ಮಲಯಾಳ ನಾಡಿಗೆ ಸೇರಿದ ನಮ್ಮ ಗಡಿಯೂರುಗಳಲ್ಲಿ ರಜೆಯಿಲ್ಲ. ವಿದ್ಯಾನಗರದ ಆಫೀಸಿನಲ್ಲಿ ಅರ್ಧ ದಿನದ ರಜೆ ಬೇಡಿ ಪುತ್ತಿಗೆಯ ಮನೆಗೆ ಓಡಿಬರುವಾಗಲೇ ನನ್ನ ಪಿತ್ತ ನೆತ್ತಿಗೇರಿತ್ತು. ಇದೇ ಆಫೀಸಿನಲ್ಲಿ ಓಣಂಗೆ ಒಬ್ಬರಿಗೆ ದಿಂಬಿನ ಹೊಟ್ಟೆ ಕಟ್ಟಿ, ಓಲೆಕೊಡೆ ಹಿಡಿಸಿ, ಮಾವೇಲಿ ಬಂದನೆಂದು ಚಪ್ಪಾಳೆ ತಟ್ಟುತ್ತೇವೆ. ಅದೇ ಬಲಿ ಚಕ್ರವರ್ತಿ ನಮ್ಮ ತುಳುವರ ಮನೆಗಳಿಗೆ ದೀಪಾವಳಿಗೆ ಬರುತ್ತಾನೆ. ವಾಮನನಿಗೆ ಇದ್ದದ್ದನ್ನೆಲ್ಲ ಕೊಟ್ಟು ಪಾತಾಳಕ್ಕೆ ಹೋದವನು ವರ್ಷಕ್ಕೊಮ್ಮೆ ತನ್ನ ನೆಲ ನೋಡಲು ಬರುವ ಹೊತ್ತು ಅದು. ನಾವು ದೀಪ ಹಚ್ಚುವುದು ಅವನಿಗೆ ದಾರಿ ಕಾಣಲೆಂದು. ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ಅವಲಕ್ಕಿ, ಹೂವು ಇಟ್ಟು, ಗದ್ದೆಯಾಚೆಗೂ ಕೇಳುವಂತೆ ‘ಕೂ’ ಎಂದು ಕೂಗಿ ಕರೆಯಬೇಕು. ಕರೆಯದೆ ಅವನು ಹೇಗೆ ಬಂದಾನು?

ನಮ್ಮ ಮನೆಯಲ್ಲಿ ಕರೆಯುತ್ತಿದ್ದವರು ಅಪ್ಪ. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ದನಿಯಿಲ್ಲ. ಈ ವರ್ಷ ನನ್ನ ಮಗಳೇ ಕರೆಯಬೇಕೆಂದು ಸನ್ನೆಯಲ್ಲೇ ಹಟ ಹಿಡಿದರು. ಹೆಣ್ಣು ಕರೆಯುವುದುಂಟೇ ಎಂದವರಿಗೆ ಕಣ್ಣು ಕೆಂಪು ಮಾಡಿ ಉತ್ತರ ಕೊಟ್ಟರು. ವಾರವಿಡೀ ಅಭ್ಯಾಸ ನಡೆಯಿತು. ಅಜ್ಜ ಕೈ ಎತ್ತಿದರೆ ಸಾಕು, ನಾಲ್ಕನೇ ಕ್ಲಾಸಿನ ಹುಡುಗಿ ಮನೆಯ ಮಾಡು ಹಾರುವಂತೆ ಕೂಗುತ್ತಿದ್ದಳು.

ಸಂಜೆ ಕಂಬದ ಎದುರು ನಿಂತವಳು ಬಾಯಿಯೇ ಬಿಡಲಿಲ್ಲ.

“ಎಂತಾಯ್ತು?” ಎಂದೆ.

“ನಾನು ಕರೆಯುವುದಿಲ್ಲ. ಇವತ್ತು ಶಾಲೆಯಲ್ಲಿ ಭಾಷಣಕ್ಕೆ ಇದನ್ನೇ ಹೇಳಿದ್ದು, ಎಲ್ಲ ನೆಗಾಡಿದ್ರು. ಬಲೀಂದ್ರ ಬರುವುದು ಓಣಂಗೆ, ದೀಪಾವಳಿ ಅಂದ್ರೆ ರಾಮ ಅಯೋಧ್ಯೆಗೆ ಬಂದದ್ದು, ಅದು ಮಾತ್ರ ಸರಿ ಅಂತ ಟೀಚರ್ ಹೇಳಿದ್ರು.”

ನನ್ನ ಮೈ ಉರಿಯಿತು. ಟೀಚರ್ ನಮ್ಮ ಊರಿನವರೇ! ಅವರ ಅಂಗಳದಲ್ಲೂ ಇದೇ ಕಂಬ ಇದೆ. ಬಲೀಂದ್ರನಿಗಿಟ್ಟ ಅವಲಕ್ಕಿ ತಿಂದೇ ಬೆಳೆದವರು. ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ. ರಾಮ ಬರಲಿ, ಬೇಡವೆಂದವರು ಯಾರು? ಒಬ್ಬನನ್ನು ಕರೆಯಲು ಇನ್ನೊಬ್ಬನನ್ನು ಹೊಸ್ತಿಲಲ್ಲೇ ತಡೆಯಬೇಕೇ? ಒಮ್ಮೆ ತಲೆಯ ಮೇಲೆ ಕಾಲಿಟ್ಟು ತುಳಿದದ್ದು ಸಾಲದೇ?

“ಓಣಂಗೆ ಶಾಲೆಯಲ್ಲಿ ಹೂ ತಂದು ಪೂಕ್ಕಳಂ ಹಾಕಿದ್ದು ಯಾರಿಗೆ ಮಾರಾಯ್ತಿ? ಇವನಿಗೇ ಅಲ್ವಾ?” ಎಂದು ಗದರಿದೆ.

ಅಪ್ಪ ನನ್ನನ್ನು ಸುಮ್ಮನಿರಿಸಿದರು. ಅವಲಕ್ಕಿಯ ಗೆರಸೆಯನ್ನು ಎಡಗೈಗೆ ದಾಟಿಸಿ, ಮೊಮ್ಮಗಳತ್ತ ನೋಡಿ ಬಲಗೈ ಎತ್ತಿದರು.

ಅವಳು ಗೇಟಿನ ಕಡೆ ನೋಡಿದಳು, ರಸ್ತೆಯಲ್ಲಿ ಯಾರಾದರೂ ಇದ್ದಾರೋ ಎಂದು. ಆಮೇಲೆ ತಲೆ ತಗ್ಗಿಸಿ, ಮೆಲ್ಲಗೆ, “ಕೂ” ಎಂದಳು. ಪಕ್ಕದಲ್ಲೇ ನಿಂತಿದ್ದ ನನಗೇ ಅದು ಸರಿಯಾಗಿ ಕೇಳಲಿಲ್ಲ.

ಅಪ್ಪನ ಕೈ ಇನ್ನೂ ಮೇಲೆಯೇ ಇತ್ತು. ಅವಳು ಈಗ ಕರೆಯುತ್ತಾಳೆಂದು ಅವರು ಕಾಯುತ್ತಿದ್ದರು.