ಗೋಡೆಯ ಮಾಡದಲ್ಲಿಟ್ಟ ಅರ್ಧ ರೊಟ್ಟಿ

ಬಸು, ಶಾಂತಾ, ಇದು ನಿಮಗೆ. ಓದು ಬಂದ ಮೇಲೆ ನಿಮ್ಮ ತಂಗಿ ಕಮಲಾಳಿಗೂ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಜ್ಜಿಯ ಅಕ್ಷರ ಇದು, ನಗಬೇಡಿ.

ಇವತ್ತು ಬೆಳಿಗ್ಗೆ ಕಸ ಗುಡಿಸುತ್ತಿದ್ದೆ. ಅಡುಗೆಮನೆಯಿಂದ ತಂಬಾಕಿನ ವಾಸನೆ ಬಂತು. ನಿಮ್ಮ ಅಜ್ಜ ತೀರಿಕೊಂಡು ತಿಂಗಳಾಯಿತು. ಕೈಯೊಳಗಿನ ಕಸಬರಿಗೆ ಅಲ್ಲಿಯೇ ನಿಂತಿತು. ನೋಡಿದರೆ ಗೋಡೆಯ ಗೂಡಿನಂಥ ಮಾಡದಲ್ಲಿ ಅವರ ಎಲೆ ಅಡಿಕೆ ಚಂಚಿ, ಒಳಗೊಂದು ಹೊಸ ಎಲೆ. "ಹುಕ್ಕೇರಿಂದ ಬಂದ ಕೂಡ್ಲೇ ಅಜ್ಜಗ ಬೇಕಾಗತೈತಲ್ಲ ಆಯಿ," ಎಂದಳು ಕಮಲಾ.

ಮಣ್ಣು ಮಾಡುವ ದಿನ ಅವಳನ್ನು ನೆರೆಮನೆಗೆ ಕಳಿಸಿದ್ದೆವು. ಅಜ್ಜ ಹುಕ್ಕೇರಿಗೆ ಹೋಗಿದ್ದಾರೆಂದು ಅವಳಿಗೆ ಹೇಳಿದವಳು ನಿಮ್ಮ ಅವ್ವ ಗಂಗಾ. ಬೇರೆ ಯಾರಾದರೂ ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಗಂಗಾ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ಅದು ನಿಮಗೆ ಗೊತ್ತು. ಅವಳ ಹೆತ್ತ ತಾಯಿ ಜ್ವರದಲ್ಲಿ ಹೋದ ಮೇಲೆ ಹತ್ತರಗಿಯಿಂದ ನನ್ನನ್ನು ಮದುವೆ ಮಾಡಿ ಈ ಕೊಣ್ಣೂರಿನ ಮನೆಗೆ ತಂದರು. ನನಗೆ ಹದಿನಾರು, ಅವಳಿಗೆ ಐದು. ಗಾಡಿಯಿಂದ ಇಳಿದ ನನ್ನನ್ನು ಅವಳು ನೋಡಲೇ ಇಲ್ಲ, ಗಾಡಿಯೊಳಗೆ ಹಣಿಕಿ ಹಾಕಿ, "ಅವ್ವ ಎಲ್ಲಿ?" ಎಂದಳು. ತಾಯಿ ತವರಿಗೆ, ತುಕ್ಕಾನಟ್ಟಿಗೆ ಹೋಗಿದ್ದಾಳೆಂದು ಅವಳಿಗೆ ಹೇಳಿದ್ದರು.

ದಿನವೂ ಸಂಜೆ ಗಂಗಾ ಅರ್ಧ ರೊಟ್ಟಿ ತಾನು ತಿನ್ನುವುದು, ಅರ್ಧ ಅವ್ವನಿಗೆಂದು ಇದೇ ಮಾಡದಲ್ಲಿಡುವುದು. ಮುಂಜಾನೆ ರೊಟ್ಟಿ ಇರುತ್ತಿರಲಿಲ್ಲ. ಅವ್ವ ಬಂದು ತಿಂದು ಹೋದಳೆಂದು ಅವಳು ನಂಬಿದ್ದಳು. ತೆಗೆದು ಎಮ್ಮೆಗೆ ಹಾಕುತ್ತಿದ್ದವರು ನಮ್ಮ ಅತ್ತೆ. ಬರಬರುತ್ತ ಮುಕ್ಕಾಲು ರೊಟ್ಟಿಯೇ ಮಾಡಕ್ಕೆ ಹೋಗತೊಡಗಿತು. ಹುಡುಗಿಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ಖರೆ ಹೇಳಿಬಿಡೂಣ್ರಿ ಅತ್ತಿ." ಈ ಮಾತನ್ನು ಬೀಸುಕಲ್ಲಿನ ಮುಂದೆ ಎಷ್ಟು ಸಲ ಹೇಳಿದೆನೋ, ಅತ್ತೆಯ ಮುಂದೆ ಒಂದೇ ಸಲ.

"ಬಂದು ತಿಂಗಳಾಗಿಲ್ಲ, ನನಗ ಶಾಣ್ಯಾತನ ಹೇಳಾಕ ಬಂದಾಳ! ಕೂಸಿನ ಎದಿ ಒಡದ್ರ ನೀ ಹೊಲೀತಿ ಏನ?" ಎಂದರು. ಎಂದವರೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಗಂಗಾಳ ಹತ್ತಿರ ಗೋಕಾಕದ ಕಟ್ಟಿಗೆ ಗೊಂಬೆಯೊಂದಿತ್ತು. ಹಿತ್ತಲಲ್ಲಿ ಮೊರವನ್ನೇ ಗಾಡಿ ಮಾಡಿ, ಗೊಂಬೆಯನ್ನು ಕೂಡಿಸಿ ತುಕ್ಕಾನಟ್ಟಿಗೆ ಎಳೆಯುವಳು. ಬೇವಿನ ಗಿಡವೇ ತುಕ್ಕಾನಟ್ಟಿ. ಗೊಂಬೆಯನ್ನು ಅಲ್ಲಿ ಬಿಟ್ಟು ಖಾಲಿ ಗಾಡಿ ಹೊಡೆದುಕೊಂಡು ಬರುವಳು. ದಿನವೂ ಇದೇ ಆಟ. ಮಾತಂತೂ ನನಗೆ ಬರದು, ಆಟವಾದರೂ ಬಂದೀತೆಂದು ಹೋಗಿ ಹತ್ತಿರ ಕೂತೆ. ಮೂರು ದಿನ ನನ್ನನ್ನು ಎತ್ತು ಮಾಡಿದಳು. ತಲೆ ಬಗ್ಗಿಸಿ ಮೊರ ಎಳೆದೆ. ನಾಲ್ಕನೆಯ ದಿನ ಗೊಂಬೆಯನ್ನು ನನ್ನ ಕೈಗಿಟ್ಟಳು.

"ನೀ ಅವ್ವ ಆಗು, ನಾ ಕರಿಯಾಕ ಬರ್ತೇನಿ. ಅವ್ವಾ, ಗಾಡಿ ತಂದೇನಿ, ನಡಿ ಮನಿಗೆ."

ಬರುತ್ತೇನೆಂದರೆ ಸುಳ್ಳು. ಬರುವುದಿಲ್ಲವೆಂದರೆ, ಅತ್ತೆ ಹೇಳಿದ ಹಾಗೆ ಆ ಎದೆ ಒಡೆದುಬಿಟ್ಟರೆ? ಗೊಂಬೆಯ ಮುಖವನ್ನೇ ನೋಡುತ್ತ ಹೇಳಿದೆ: "ನನಗ ಬರಾಕ ಆಗೂದಿಲ್ಲವ್ವಾ. ನಾ ಸತ್ತೇನಿ. ನಿನ್ನ ಬಿಟ್ಟು ಹೋಗೂ ಮನಸ ಇರಲಿಲ್ಲ."

"ಮತ್ತ ರೊಟ್ಟಿ ಯಾರು ತಿಂತಾರ?"

"ಎಮ್ಮಿ."

ಗಂಗಾ ಮೊರವನ್ನು ಒದ್ದಳು. ಗೊಂಬೆಯನ್ನು ಕಿತ್ತುಕೊಂಡು ಕಲ್ಲಿಗೆ ಒಗೆದಳು. ಅದರ ಮೂಗು ಹಾರಿತು. ಆಮೇಲೆ ಅತ್ತಳು. ತಾಯಿ ಹೋದಾಗಿನಿಂದ ಅತ್ತಿರದ ಹುಡುಗಿ. ಅತ್ತೆ ಓಡಿ ಬಂದರು. ನನಗೆ ಇವತ್ತು ಬೈಗುಳ ತಪ್ಪಿದ್ದಲ್ಲ ಎಂದುಕೊಂಡೆ. ಅವರು ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು ಬೇವಿನ ಕೆಳಗೇ ಕೂತರು, ತಾವೂ ಅತ್ತರು.

ಸಂಜೆ ಗಂಗಾ ರೊಟ್ಟಿ ಮುರಿದು ಮಾಡದ ಕಡೆ ನೋಡಿದಳು. "ಎಮ್ಮಿಗೆ ಕೊಡಂಗಿಲ್ಲ," ಎಂದು ಪೂರಾ ತಾನೇ ತಿಂದಳು.

ಇವತ್ತು ಗಂಗಾಳಿಗೆ ಚಂಚಿ ತೋರಿಸಿದೆ. "ಅಪ್ಪ ಹೋದ ಅಂತ ಅನ್ನಾಕ ನನ್ನ ಬಾಯಾಗ ಬರಲಿಲ್ಲವ್ವಾ. ಕಮಲಾಗ ನೀನ ಹೇಳು," ಎಂದಳು. ನಮ್ಮ ಅತ್ತೆಯ ಸಂಕಟ ನನಗೆ ಇಷ್ಟು ವರ್ಷದ ಮೇಲೆ ತಿಳಿಯಿತು. ಆಗ ನಾನು ಕಂಡೇ ಇರದವಳಾಗಿ ಮಾತಾಡಿದ್ದೆ; ಈಗ ನನ್ನ ಗಂಡನಾಗಿ ಮಾತಾಡಬೇಕು. ಮೂಗಿಲ್ಲದ ಗೊಂಬೆ ಮಡಿಲಲ್ಲಿದೆ.

ಮೊರವನ್ನು ಗಾಡಿ ಮಾಡಿಕೊಂಡ ಕಮಲಾ ಹಿತ್ತಲಿಂದ ಕೂಗುತ್ತಿದ್ದಾಳೆ: "ಆಯೀ, ಹುಕ್ಕೇರಿಗೆ ಗಾಡಿ ಹೊಂಟೈತಿ, ಲಗೂನ ಬಾ!"

ಹೋಗುತ್ತೇನೆ. ಬಸು, ಈ ಹಾಳೆಗಳನ್ನು ಮಡಿಸಿ ಅಜ್ಜನ ಚಂಚಿಯಲ್ಲಿಡು. ಚಂಚಿ ಮಾಡದಲ್ಲಿ ಬೇಡ, ನಿನ್ನ ಪೆಟ್ಟಿಗೆಯಲ್ಲಿರಲಿ, ಇಲಿ ಮುಟ್ಟದ ಹಾಗೆ.